‘ಕರೆಕ್ಟ್’ ಅಂದರೆ ಏನು, ಎಲ್ಲಿ ಹೇಗೆ ಬಳಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೂಫ್ ನೋಡುವುದು ನನ್ನ ಕೆಲಸ. ಹಗಲೆಲ್ಲ ಬೇರೆಯವರು ಬರೆದಿದ್ದನ್ನು ತಿದ್ದುತ್ತೇನೆ. ಸಂಜೆ ಮೇಲೆ, ಕನ್ನಡ ಮಾಧ್ಯಮದಲ್ಲಿ ಓದಿದ ಕೆಲವು ಹುಡುಗ ಹುಡುಗಿಯರು ಇಂಗ್ಲಿಷ್ ಹೇಳಿಸಿಕೊಳ್ಳಲು ಮನೆಗೆ ಬರುತ್ತಾರೆ. ಎರಡೂ ಕಡೆ ಹತ್ತಾರು ಸಲ ಕಿವಿಗೆ ಬೀಳುವ ಪದ ಒಂದೇ: ‘ಕರೆಕ್ಟ್’. ಅದು ಇಂಗ್ಲಿಷ್ ಪದ ಅನ್ನುವುದೇ ಮರೆತುಹೋಗುವಷ್ಟು ನಮ್ಮ ಬಾಯಲ್ಲಿ ಪಳಗಿದೆ. ಅದಕ್ಕೇ ಇಂಗ್ಲಿಷ್ ಮಾತಾಡುವಾಗ ಇದೇ ಪದ ಜಾಸ್ತಿ ಕೈಕೊಡುತ್ತದೆ. ನನ್ನ ಮುಂದೆ ಬಂದ ಪ್ರಶ್ನೆಗಳನ್ನು, ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

‘ಕರೆಕ್ಟ್’ ಪದದ ಅರ್ಥ ಏನು?

ಎರಡು ಅರ್ಥ ಇವೆ. ಒಂದು, ಗುಣ ಹೇಳುವ ಪದವಾಗಿ: ತಪ್ಪಿಲ್ಲದ, ಸರಿಯಾದ. ‘ಕರೆಕ್ಟ್ ಆನ್ಸರ್’ ಅಂದರೆ ಸರಿಯುತ್ತರ. ಇನ್ನೊಂದು, ಕ್ರಿಯಾಪದವಾಗಿ: ತಿದ್ದು, ಸರಿಪಡಿಸು. ‘ಕರೆಕ್ಟ್ ದ ಮಿಸ್ಟೇಕ್’ ಅಂದರೆ ತಪ್ಪನ್ನು ತಿದ್ದು.

ಇವೆರಡರಲ್ಲಿ ಕ್ರಿಯಾಪದವೇ ಹಳೆಯದು. ಇಂಗ್ಲಿಷಿನಲ್ಲಿ ಮೊದಲು ತಿದ್ದುವ ಕೆಲಸಕ್ಕೆ ‘ಕರೆಕ್ಟ್’ ಅಂದರು, ಆಮೇಲೆ ತಿದ್ದಿ ಸರಿಯಾದದ್ದಕ್ಕೂ ‘ಕರೆಕ್ಟ್’ ಅಂದರು. ಪ್ರೂಫ್ ನೋಡುವವಳಾಗಿ ನನಗೆ ಈ ವಿಷಯ ತುಂಬ ಇಷ್ಟ. ಯಾವ ಪುಟವೂ ಹುಟ್ಟುತ್ತಲೇ ಕರೆಕ್ಟಾಗಿ ಇರುವುದಿಲ್ಲ. ಯಾರೋ ಕೂತು ತಿದ್ದಿರುತ್ತಾರೆ.

ಈ ಪದ ಎಲ್ಲಿಂದ ಬಂತು?

ಲ್ಯಾಟಿನ್ ಭಾಷೆಯ ‘ಕೊರ್ರಿಗೆರೆ’ಯಿಂದ. ಅದರೊಳಗಿರುವ ‘ರೆಗೆರೆ’ ಅಂದರೆ ನೇರವಾಗಿ ನಡೆಸು, ದಾರಿಗೆ ತರು ಎಂದರ್ಥ. ಹಾಗಾಗಿ ‘ಕರೆಕ್ಟ್’ ಅಂದರೆ ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿದ್ದು. ಡೈರೆಕ್ಟ್, ರೆಕ್ಟ್ಯಾಂಗಲ್, ನಾವು ಗೆರೆ ಎಳೆಯುವ ರೂಲರ್, ಎಲ್ಲವೂ ಇದೇ ಕುಟುಂಬದವು. ಸಂಸ್ಕೃತದ ‘ಋಜು’ ಪದಕ್ಕೂ ನೇರ ಅನ್ನುವುದೇ ಅರ್ಥ. ಅದೂ ದೂರದ ನೆಂಟ ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ.

ಕನ್ನಡಕ್ಕೆ ಈ ಕುಟುಂಬದ ಸಂಬಂಧವೇ ಇಲ್ಲ. ಆದರೂ ನಮ್ಮ ಹಿರಿಯರಿಗೂ ಇದೇ ಹೊಳೆದಿದೆ ನೋಡಿ. ‘ನೆಟ್ಟಗೆ ಕೆಲಸ ಮಾಡು’ ಅನ್ನುತ್ತೇವೆ. ‘ಅವರು ನೇರ ಮನುಷ್ಯ’ ಅನ್ನುತ್ತೇವೆ. ತಪ್ಪಿಲ್ಲದ್ದು ಅಂದರೆ ಸೊಟ್ಟಗಿಲ್ಲದ್ದು.

ನೇರ ಇದೆಯಾ ಅಂತ ನೋಡಲು ಪಕ್ಕದಲ್ಲಿ ಇನ್ನೊಂದು ನೇರ ಗೆರೆ ಬೇಕು, ಅಲ್ವಾ? ‘ಕರೆಕ್ಟ್’ ಪದಕ್ಕೂ ಹಾಗೆಯೇ. ಉತ್ತರ ಪತ್ರಿಕೆಯ ಪಕ್ಕ ಕೀ ಉತ್ತರ ಬೇಕು, ಪ್ರೂಫಿನ ಪಕ್ಕ ಮೂಲ ಹಸ್ತಪ್ರತಿ ಬೇಕು. ಯಾರಾದರೂ ‘ಇದು ಕರೆಕ್ಟು’ ಅಂದಾಗ ನಾನು ಕೇಳುವುದು ‘ಯಾವುದರ ಪಕ್ಕ ಇಟ್ಟು ನೋಡಿದಿರಿ?’ ಅಂತ. ಕೆಳಗಿನ ಎಷ್ಟೋ ಉತ್ತರಗಳು ಈ ಒಂದು ಪ್ರಶ್ನೆಯಿಂದಲೇ ಬಂದಿವೆ.

ಇದಕ್ಕೆ ಸರಿಯಾದ ಕನ್ನಡ ಪದ ಯಾವುದು?

‘ಸರಿ’. ಆದರೆ ‘ಸರಿ’ ತುಂಬ ಕೆಲಸ ಮಾಡುವ ಪದ. ಉತ್ತರ ಸರಿ ಇದೆ ಅನ್ನಲು ಅದೇ, ಒಪ್ಪಿದೆ ಅನ್ನಲು ಅದೇ, ‘ಸರಿಪಾಲು’ ಅಂದರೆ ಸಮಪಾಲು, ‘ಸ್ವಲ್ಪ ಸರಿ’ ಅಂದರೆ ಪಕ್ಕಕ್ಕೆ ಜರುಗು. ಬಹುಶಃ ಅದಕ್ಕೇ, ತಪ್ಪಿಲ್ಲ ಅಂತ ಒತ್ತಿ ಹೇಳಬೇಕಾದಾಗ ನಾವು ‘ಕರೆಕ್ಟ್’ ಕಡೆ ಕೈ ಚಾಚುತ್ತೇವೆ. ‘ಸರಿ’ ಅಂದರೆ ಸುಮ್ನೆ ತಲೆಯಾಡಿಸಿದ ಹಾಗೆ. ‘ಕರೆಕ್ಟ್’ ಅಂದರೆ ನೋಡಿ ಹೇಳಿದ ಹಾಗೆ.

ಊರೂರಿಗೆ ಬೇರೆ ಪದಗಳೂ ಇವೆ. ಮಂಗಳೂರು ಕಡೆ ‘ಸಮ ಉಂಟು’, ‘ಸಮ ಇಲ್ಲ’ ಅನ್ನುತ್ತಾರೆ. ಧಾರವಾಡ, ಬೆಳಗಾವಿ ಕಡೆ ‘ಬರೋಬ್ಬರಿ ಐತಿ’. ಮರಾಠಿಯಿಂದ ಬಂದ ಈ ‘ಬರೋಬ್ಬರಿ’ಯನ್ನು ಟೀವಿಯವರು ‘ಬರೋಬ್ಬರಿ ಐದು ಕೋಟಿ’ ಅಂತ, ಅಷ್ಟೊಂದು ಅನ್ನುವ ಅರ್ಥದಲ್ಲಿ ಬಳಸುವುದು ನನಗೆ ಬೇಸರ. ಆ ಕಡೆಯ ಜನರ ಬಾಯಲ್ಲಿ ಅದು ಇನ್ನೂ ಸರಿಯಾದದ್ದು ಅನ್ನುವ ಅರ್ಥದಲ್ಲೇ ಇದೆ.

ಬರವಣಿಗೆಯಲ್ಲಿ ‘ನಿಖರ’, ‘ಖಚಿತ’, ‘ಕರಾರುವಾಕ್ಕು’ ಬರುತ್ತವೆ. ‘ಖಚಿತ’ ಅಂದರೆ ಸಂಸ್ಕೃತದಲ್ಲಿ ಕೂರಿಸಿದ, ಕೆತ್ತಿ ಹಚ್ಚಿದ ಎಂದು. ‘ರತ್ನಖಚಿತ’ ನೆನಪಿಸಿಕೊಳ್ಳಿ. ಹರಳು ಚಿನ್ನದಲ್ಲಿ ಅಲ್ಲಾಡದ ಹಾಗೆ ಕೂತಂತೆ ಮಾತೂ ಕೂರಬೇಕು. ಎಷ್ಟು ಚೆಂದದ ಪದ!

ಕ್ರಿಯಾಪದಕ್ಕಂತೂ ‘ತಿದ್ದು’ ಬಿಟ್ಟರೆ ಬೇರೆ ಬೇಡ. ಮಗು ಸ್ಲೇಟಿನ ಮೇಲೆ ‘ಅ’ ತಿದ್ದುತ್ತದೆ. ಹುಬ್ಬು ತಿದ್ದುತ್ತಾರೆ, ಮೀಸೆ ತಿದ್ದುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾದರೆ ತಿದ್ದುಪಡಿಗೆ ಅರ್ಜಿ ಹಾಕುತ್ತಾರೆ. ಇರುವುದನ್ನೇ ಒಪ್ಪವಾಗಿಸುವ ಅರ್ಥ ‘ತಿದ್ದು’ವಿನಲ್ಲಿದೆ. ‘ಕರೆಕ್ಟ್’ನಲ್ಲಿ ಅಷ್ಟು ಮೃದುತನ ಇಲ್ಲ.

‘ಕರೆಕ್ಟ್’ ಮತ್ತು ‘ರೈಟ್’ ಒಂದೇನಾ?

ಉತ್ತರ, ಲೆಕ್ಕ, ಹೆಸರು, ವಿಳಾಸದ ವಿಷಯದಲ್ಲಿ ಒಂದೇ. ‘ರೈಟ್ ಆನ್ಸರ್’ ಅಂದರೂ ನಡೆಯುತ್ತದೆ, ‘ಕರೆಕ್ಟ್ ಆನ್ಸರ್’ ಅಂದರೂ ನಡೆಯುತ್ತದೆ. ನ್ಯಾಯ, ಧರ್ಮದ ವಿಷಯ ಬಂದರೆ ‘ರೈಟ್’ ಮಾತ್ರ. ಬಿದ್ದಿದ್ದ ಪರ್ಸನ್ನು ವಾಪಸ್ ಕೊಟ್ಟವರಿಗೆ ‘ಯು ಡಿಡ್ ದ ರೈಟ್ ಥಿಂಗ್’ ಅನ್ನಬೇಕು. ಅಲ್ಲಿ ‘ಕರೆಕ್ಟ್ ಥಿಂಗ್’ ಅಂದರೆ ಯಾವುದೋ ನಿಯಮ ಪಾಲಿಸಿದರು ಅನ್ನುವ ಹಾಗೆ ಕೇಳುತ್ತದೆ. ಮಾತಿನಲ್ಲಿ ಒಪ್ಪುವಾಗಲೂ ‘ಯು ಆರ್ ರೈಟ್’ ಆಪ್ತ. ‘ಯು ಆರ್ ಕರೆಕ್ಟ್’ ಸ್ವಲ್ಪ ಮೇಷ್ಟ್ರ ದನಿ.

‘ಅಕ್ಯುರೇಟ್’ ಯಾವಾಗ ಬಳಸಬೇಕು?

ವಾಸ್ತವಕ್ಕೆ ಎಷ್ಟು ಹತ್ತಿರ ಇದೆ ಅಂತ ಹೇಳುವಾಗ. ವರದಿ, ಅಂದಾಜು, ಅಳತೆ, ನಕ್ಷೆ, ಹವಾಮಾನ ಮುನ್ಸೂಚನೆ, ಇವಕ್ಕೆಲ್ಲ ‘ಅಕ್ಯುರೇಟ್’. ಇದರ ಲ್ಯಾಟಿನ್ ಬೇರು ‘ಕ್ಯೂರಾ’, ಅಂದರೆ ಕಾಳಜಿ. ಕಾಳಜಿಯಿಂದ ಮಾಡಿದ್ದು ಅನ್ನುವುದೇ ಮೊದಲ ಅರ್ಥ.

ಕರೆಕ್ಟಾಗಿದ್ದೂ ಅಕ್ಯುರೇಟ್ ಅಲ್ಲದ್ದು ಹೇಗಿರುತ್ತದೆ ಅನ್ನುವುದನ್ನು ನಾನು ಒಂದು ಲಗ್ನಪತ್ರಿಕೆಯಿಂದ ಕಲಿತೆ. ಕೆಲಸಕ್ಕೆ ಸೇರಿದ ಹೊಸತು. ಪತ್ರಿಕೆಯ ಕರಡು ನನ್ನ ಮುಂದೆ ಬಂತು. ಒತ್ತು, ದೀರ್ಘ, ಮಹಾಪ್ರಾಣ ಎಲ್ಲ ನೋಡಿದೆ. ‘ಚಿ|| ರಾ||’, ‘ಚಿ|| ಸೌ||’ ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಕೆಳಗೆ ‘ತಾ|| 12, ಗುರುವಾರ’ ಎಂದಿತ್ತು. ‘ಗುರುವಾರ’ ಕಾಗುಣಿತ ಸರಿ ಇದೆ ಅಂತ ಗುರುತು ಹಾಕಿ ಕೊಟ್ಟೆ. ಐನೂರು ಪ್ರತಿ ಅಚ್ಚಾಯಿತು. ಮರುದಿನ ಹುಡುಗಿಯ ತಂದೆ ಕೈಯಲ್ಲಿ ಕ್ಯಾಲೆಂಡರ್ ಹಿಡಿದುಕೊಂಡೇ ಬಂದರು. 12ನೇ ತಾರೀಕು ಶುಕ್ರವಾರ. ‘ಒಂದ್ಸಲ ಕ್ಯಾಲೆಂಡರ್ ನೋಡಬಾರದಿತ್ತೇನಮ್ಮ?’ ಅಂದರು. ಬೈಯಲಿಲ್ಲ. ಆ ಐನೂರು ಪತ್ರಿಕೆಗಳ ಮೇಲೂ ಚೀಟಿ ಅಂಟಿಸಿದ್ದು ನಾನೇ.

ಆ ಪತ್ರಿಕೆಯ ಭಾಷೆ ಕರೆಕ್ಟ್. ಮಾಹಿತಿ ಅಕ್ಯುರೇಟ್ ಅಲ್ಲ. ಮೂಲ ಹಸ್ತಪ್ರತಿಯ ಪಕ್ಕ ಇಟ್ಟರೆ ಸರಿ, ಕ್ಯಾಲೆಂಡರ್ ಪಕ್ಕ ಇಟ್ಟರೆ ತಪ್ಪು. ಅವತ್ತಿನಿಂದ ನನ್ನ ಮೇಜಿನ ಮೇಲೆ ಒಂದು ಪಂಚಾಂಗ ಇದ್ದೇ ಇರುತ್ತದೆ.

‘ಪ್ರಿಸೈಸ್’ ಅಂದರೂ ಅಕ್ಯುರೇಟ್ ಅಂದರೂ ಒಂದೇ ಅಲ್ವಾ?

ಅಲ್ಲ. ಕನ್ನಡದಲ್ಲಿ ಎರಡಕ್ಕೂ ‘ನಿಖರ’ ಅಂತಲೇ ಬರೆಯುತ್ತೇವೆ, ಅದಕ್ಕೇ ಈ ಗೊಂದಲ. ಒಂದು ಕಿಲೋ ತೂಕದ ಕಲ್ಲನ್ನು ತಕ್ಕಡಿಯ ಮೇಲೆ ನಾಲ್ಕು ಸಲ ಇಡಿ. ನಾಲ್ಕು ಸಲವೂ 1,050 ಗ್ರಾಂ ತೋರಿಸಿದರೆ ಆ ತಕ್ಕಡಿ ಪ್ರಿಸೈಸ್, ಆದರೆ ಅಕ್ಯುರೇಟ್ ಅಲ್ಲ. ಒಂದೇ ತಪ್ಪನ್ನು ಚಾಚೂ ತಪ್ಪದೆ ಮಾಡುತ್ತಿದೆ. ಇನ್ನೊಂದು ತಕ್ಕಡಿ 980, 1,020, 1,010, 990 ತೋರಿಸಿತು ಅನ್ನಿ. ಸರಾಸರಿ ಸರಿಯಾಗಿ 1,000 ಗ್ರಾಂ. ಇದು ಸತ್ಯದ ಸುತ್ತಲೇ ಇದೆ, ಆದರೆ ಪ್ರಿಸೈಸ್ ಅಲ್ಲ.

ಗಿರಾಕಿಗೆ ಹೆಚ್ಚು ಅಪಾಯ ಮೊದಲನೆಯದರಿಂದ. ಯಾವಾಗಲೂ ಒಂದೇ ಅಂಕಿ ತೋರಿಸುವ ಯಂತ್ರವನ್ನು ನಾವು ನಂಬಿಬಿಡುತ್ತೇವೆ. ಅದಕ್ಕೇ ಅಂಗಡಿಯ ತಕ್ಕಡಿಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ತಮ್ಮ ಪ್ರಮಾಣದ ತೂಕದ ಬೊಟ್ಟುಗಳ ಜೊತೆ ತಾಳೆ ನೋಡಿ ಮುದ್ರೆ ಹಾಕುವುದು. ಮುಂದಿನ ಸಲ ಸಾಮಾನು ತರಲು ಹೋದಾಗ ಆ ಮುದ್ರೆ ಇದೆಯಾ ನೋಡಿ.

ಮಾತಿನಲ್ಲಿ ‘ಪ್ರಿಸೈಸ್’ ಅಂದರೆ ಅಳೆದು ಕತ್ತರಿಸಿದ ಹಾಗೆ ಸ್ಪಷ್ಟವಾದದ್ದು. ಅದರ ಲ್ಯಾಟಿನ್ ಬೇರಿಗೂ ಕತ್ತರಿಸು ಎಂದೇ ಅರ್ಥ. ‘ಮಧ್ಯಾಹ್ನದ ಮೇಲೆ ಬರ್ತೀನಿ’ ಅನ್ನುವುದು ಪ್ರಿಸೈಸ್ ಅಲ್ಲ. ‘ಮೂರೂವರೆಗೆ ಬರ್ತೀನಿ’ ಅನ್ನುವುದು ಪ್ರಿಸೈಸ್, ಅವರು ಐದಕ್ಕೆ ಬಂದರೂ!

‘ಎಕ್ಸಾಕ್ಟ್’?

ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದ್ದು. ಒಂದು ಇಂಚು ಅಂದರೆ 2.54 ಸೆಂಟಿಮೀಟರ್. ಇದು ಅಂದಾಜಲ್ಲ. 1959ರಲ್ಲಿ ಹಲವು ದೇಶಗಳು ಕೂಡಿ ಹಾಗೆಂದೇ ಒಪ್ಪಿಕೊಂಡವು. ಆದ್ದರಿಂದ ಅದು ಎಕ್ಸಾಕ್ಟ್. ನಿಮ್ಮ ಎತ್ತರ ಎಷ್ಟು ಚೆನ್ನಾಗಿ ಅಳೆದರೂ ಅಕ್ಯುರೇಟ್ ಆಗಬಹುದೇ ಹೊರತು ಎಕ್ಸಾಕ್ಟ್ ಆಗುವುದು ಕಷ್ಟ.

‘ಕರೆಕ್ಟಾಗಿ ಹತ್ತು ಗಂಟೆಗೆ ಬಾ’ ಅನ್ನುವುದನ್ನು ಇಂಗ್ಲಿಷಿನಲ್ಲಿ ‘ಕಮ್ ಕರೆಕ್ಟ್ಲಿ ಅಟ್ ಟೆನ್’ ಅನ್ನಬಹುದಾ?

ಬೇಡ. ನಮ್ಮ ‘ಕರೆಕ್ಟಾಗಿ’ ಇಂಗ್ಲಿಷಿನ ‘ಕರೆಕ್ಟ್ಲಿ’ಗಿಂತ ಬಹಳ ದೊಡ್ಡದು. ಇಂಗ್ಲಿಷಿನ ‘ಕರೆಕ್ಟ್ಲಿ’ ಅಂದರೆ ತಪ್ಪು ಮಾಡದೆ, ಅಷ್ಟೆ. ‘ಶೀ ಆನ್ಸರ್ಡ್ ಕರೆಕ್ಟ್ಲಿ’ ಸರಿ. ಸಮಯಕ್ಕೆ ‘ಎಕ್ಸಾಕ್ಟ್ಲಿ ಅಟ್ ಟೆನ್’ ಅಥವಾ ‘ಅಟ್ ಟೆನ್ ಶಾರ್ಪ್’ ಅನ್ನಬೇಕು.

ನನ್ನ ವಿದ್ಯಾರ್ಥಿಗಳ ಜೊತೆ ಕೂತು, ಒಂದು ದಿನದಲ್ಲಿ ನಾವು ಎಷ್ಟು ಥರ ‘ಕರೆಕ್ಟ್’ ಅಂತೀವಿ ಅಂತ ಪಟ್ಟಿ ಮಾಡಿದ್ದೆವು. ಬಸ್ಸಿನಲ್ಲಿ ಕಂಡಕ್ಟರ್ ‘ಚಿಲ್ಲರೆ ಕರೆಕ್ಟಾಗಿ ಕೊಡಿ’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಎಕ್ಸಾಕ್ಟ್ ಚೇಂಜ್’. ಸಾರು ರುಚಿ ನೋಡಿ ‘ಉಪ್ಪು ಕರೆಕ್ಟಾಗಿದೆ’ ಅನ್ನುತ್ತೇವೆ, ಅಲ್ಲಿ ‘ಜಸ್ಟ್ ರೈಟ್’. ಟೈಲರ್ ಹೊಲಿದ ಬ್ಲೌಸ್ ‘ಕರೆಕ್ಟಾಗಿ ಕೂತಿದೆ’ ಅಂದರೆ ‘ಇಟ್ ಫಿಟ್ಸ್ ಪರ್ಫೆಕ್ಟ್ಲಿ’. ‘ಕರೆಕ್ಟ್ ಟೈಮಿಗೆ ಬಂದ್ರಿ, ಊಟಕ್ಕೆ ಕೂರಿ’ ಅಂದರೆ ‘ಜಸ್ಟ್ ಇನ್ ಟೈಮ್’. ಫೋನಿನಲ್ಲಿ ದಾರಿ ಹೇಳುವಾಗ ‘ದೇವಸ್ಥಾನದ ಕರೆಕ್ಟ್ ಎದುರಿಗೆ’ ಅಂದರೆ ‘ರೈಟ್ ಆಪೋಸಿಟ್’. ಒಂದರಲ್ಲೂ ‘ಕರೆಕ್ಟ್’ ಹಾಗೇ ದಾಟುವುದಿಲ್ಲ.

ಕೊನೆಯಲ್ಲಿ ಒಬ್ಬ ಹುಡುಗ ತನ್ನ ಅಜ್ಜಿಯ ಮಾತು ಹೇಳಿದ: ‘ದುಡ್ಡಿನ ವಿಷಯದಲ್ಲಿ ನಿಮ್ಮ ತಾತ ಭಾಳ ಕರೆಕ್ಟು ಕಣೋ’. ಇದಕ್ಕೆ ನಾನು ‘ಹೀ ವಾಸ್ ಸ್ಟ್ರೇಟ್ ಇನ್ ಮನಿ ಮ್ಯಾಟರ್ಸ್’ ಅಂತ ಬರೆಸಿದೆ. ಬರೆಸುವಾಗಲೇ ಮೈ ಜುಂ ಎಂದಿತು. ‘ಸ್ಟ್ರೇಟ್’ ಅಂದರೆ ನೇರ. ಲ್ಯಾಟಿನ್ ಬಾರದ ಅಜ್ಜಿ ಆ ಪದವನ್ನು ಅದರ ಬೇರಿಗೇ ತಂದು ನಿಲ್ಲಿಸಿದ್ದರು.

‘ಮೋರ್ ಕರೆಕ್ಟ್’ ಅನ್ನುವುದು ತಪ್ಪಾ?

ಉತ್ತರ ಸರಿ ಇರುತ್ತದೆ, ಇಲ್ಲ ತಪ್ಪಿರುತ್ತದೆ, ಹೆಚ್ಚು ಸರಿ ಅಂತ ಇರುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಆದರೆ ಒಳ್ಳೆಯ ಬರಹಗಾರರೂ ‘ಮೋರ್ ಕರೆಕ್ಟ್’ ಬಳಸುತ್ತಾರೆ, ಹಾಗಾಗಿ ತಪ್ಪೇನಲ್ಲ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ‘ಮೋರ್ ಅಕ್ಯುರೇಟ್’ ಅಂತ ಬರೆದರೆ ಯಾರ ತಕರಾರೂ ಇರುವುದಿಲ್ಲ.

ಗಣಿತದಲ್ಲಿ ‘ಕರೆಕ್ಟ್ ಟು ಟೂ ಡೆಸಿಮಲ್ ಪ್ಲೇಸಸ್’ ಅಂದರೆ?

ಎರಡು ದಶಮಾಂಶ ಸ್ಥಾನದವರೆಗೆ ಸರಿಯಾಗಿ ಬರೆಯಿರಿ ಎಂದು. ಉತ್ತರ ಎಲ್ಲಿಯವರೆಗೆ ಕರೆಕ್ಟ್ ಅನ್ನುವುದನ್ನು ಬಾಯಿಬಿಟ್ಟು ಹೇಳುವ ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ.

ಶಾಲೆಯಲ್ಲಿ ಪೈ ಬೆಲೆ 22/7 ಅಂತ ಕಲಿತೆವು. ಭಾಗಿಸಿದರೆ 3.142857 ಬರುತ್ತದೆ. ನಿಜವಾದ ಪೈ 3.14159 ಎಂದು ಶುರುವಾಗಿ ಮುಗಿಯದೆ ಹೋಗುತ್ತದೆ. ಎರಡು ಸ್ಥಾನಕ್ಕೆ ಎರಡೂ 3.14. ಮೂರು ಸ್ಥಾನಕ್ಕೆ ಒಂದು 3.143, ಇನ್ನೊಂದು 3.142. ಅಂದರೆ 22/7 ಎರಡು ಸ್ಥಾನದವರೆಗೆ ಮಾತ್ರ ಕರೆಕ್ಟ್.

ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ, ವ್ಯಾಸ 20,000 ಇದ್ದರೆ ಸುತ್ತಳತೆ 62,832 ಎಂದು ಹೇಳಿದ್ದ. ಅದು 3.1416, ನಾಲ್ಕು ಸ್ಥಾನಕ್ಕೆ ಸರಿ. ಅಷ್ಟು ಹತ್ತಿರ ಹೋದರೂ ಆತ ಅದನ್ನು ‘ಆಸನ್ನ’ ಎಂದ. ಅಂದರೆ ಸಮೀಪದ್ದು. ಲೆಕ್ಕ ಎಷ್ಟರ ಮಟ್ಟಿಗೆ ಸರಿ ಅನ್ನುವುದನ್ನೂ ಲೆಕ್ಕದ ಜೊತೆಗೇ ಬರೆದಿಟ್ಟ. ತಿದ್ದುವ ಕೆಲಸದವಳಾಗಿ ಆ ಒಂದು ಪದಕ್ಕೆ ನಾನು ಕೈಮುಗಿಯುತ್ತೇನೆ.

ಉಚ್ಚಾರಣೆ ಹೇಗೆ?

ಒತ್ತು ‘ರೆ’ ಮೇಲೆ. ಮೊದಲ ‘ಕ’ ಹಗುರ. ‘ಕಲೆಕ್ಟ್’ ಬೇರೆ ಪದ, ಅದರ ಅರ್ಥ ಸಂಗ್ರಹಿಸು. ಆಫೀಸ್ ಫೋನಿನಲ್ಲಿ ಇವೆರಡು ಅದಲು ಬದಲಾದರೆ ‘ಬಿಲ್ ತಿದ್ದಿ’ ಅನ್ನುವುದು ‘ಬಿಲ್ ತಗೊಂಡು ಹೋಗಿ’ ಅಂತ ಆಗುತ್ತದೆ. ‘ರ’ ಮತ್ತು ‘ಲ’ ಬಿಡಿಸಿ ಹೇಳಿ.

ಶೇರು ಮಾರುಕಟ್ಟೆಯ ‘ಕರೆಕ್ಷನ್’, ಜೈಲಿನ ‘ಕರೆಕ್ಷನಲ್’, ಇವೆಲ್ಲ ಏನು?

ಎಲ್ಲದರಲ್ಲೂ ದಾರಿಗೆ ತರುವ ಅರ್ಥವೇ ಇದೆ. ಶೇರು ಬೆಲೆ ಇತ್ತೀಚಿನ ಗರಿಷ್ಠ ಮಟ್ಟದಿಂದ 10 ಪರ್ಸೆಂಟ್ ಅಥವಾ ಹೆಚ್ಚು ಇಳಿದರೆ ರೂಢಿಯಲ್ಲಿ ‘ಕರೆಕ್ಷನ್’ ಅನ್ನುತ್ತಾರೆ. ಮೊದಲಿದ್ದ ಬೆಲೆ ಅತಿಯಾಗಿತ್ತು ಅನ್ನುವ ತೀರ್ಪು ಆ ಪದದೊಳಗೇ ಇದೆ. ದುಡ್ಡು ಕಳೆದುಕೊಂಡವರು ಅದನ್ನು ಒಪ್ಪಲೇಬೇಕೆಂದಿಲ್ಲ. ಜೈಲು ಇಲಾಖೆಯ ಹೆಸರಿನಲ್ಲಿ ಬರುವ ‘ಕರೆಕ್ಷನಲ್’ ಅನ್ನು ಕನ್ನಡದಲ್ಲಿ ‘ಸುಧಾರಣಾ’ ಎಂದು ಬರೆಯುತ್ತಾರೆ. ಅಲ್ಲಿ ತಿದ್ದುವುದು ಮನುಷ್ಯರನ್ನು.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ‘ಎರರ್ ಕರೆಕ್ಷನ್’. ತರಕಾರಿ ಗಾಡಿಗೆ ಅಂಟಿಸಿದ ಕ್ಯೂಆರ್ ಕೋಡ್ ನೋಡಿ. ಮಳೆಗೆ ನೆನೆದು, ಮೂಲೆ ಕಿತ್ತು, ಮೇಲೆ ಮಣ್ಣು ಬಿದ್ದಿರುತ್ತದೆ. ಆದರೂ ಸ್ಕ್ಯಾನ್ ಆಗುತ್ತದೆ. 1994ರಲ್ಲಿ ಜಪಾನಿನಲ್ಲಿ ಇದನ್ನು ರೂಪಿಸುವಾಗಲೇ, ಹಾಳಾದ ಭಾಗವನ್ನು ಉಳಿದ ಭಾಗದಿಂದ ಲೆಕ್ಕ ಹಾಕಿ ತುಂಬಿಕೊಳ್ಳುವ ವ್ಯವಸ್ಥೆ ಇಟ್ಟರು. ಅದರಲ್ಲಿ ನಾಲ್ಕು ಹಂತಗಳಿವೆ. ಕೆಳಗಿನ ಹಂತದಲ್ಲಿ ಸುಮಾರು 7 ಪರ್ಸೆಂಟ್, ಮೇಲಿನ ಹಂತದಲ್ಲಿ ಸುಮಾರು 30 ಪರ್ಸೆಂಟ್ ಹಾಳಾಗಿದ್ದರೂ ತಿದ್ದಿಕೊಳ್ಳುತ್ತದೆ. ಆ ಪುಟ್ಟ ಚೌಕದೊಳಗೆ ಒಬ್ಬ ಪ್ರೂಫ್ ರೀಡರ್ ಕೂತಿದ್ದಾನೆ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ.

ಟಿಕ್ ಗುರುತು ಎಲ್ಲ ಕಡೆ ‘ಕರೆಕ್ಟ್’ ಅಂತಲೇನಾ?

ಇಲ್ಲ. ಫಿನ್ಲೆಂಡಿನ ಶಾಲೆಗಳಲ್ಲಿ ಟಿಕ್ ಹಾಕಿದರೆ ತಪ್ಪು ಎಂದರ್ಥ. ಜಪಾನಿನಲ್ಲಿ ಸರಿಯುತ್ತರಕ್ಕೆ ಸೊನ್ನೆಯಂಥ ದುಂಡು ಗುರುತು. ಅಲ್ಲಿಗೆ ಹೋಗಿ ನೆಲೆಸುವ ನಮ್ಮವರು ಮಕ್ಕಳ ನೋಟ್‌ಬುಕ್ ನೋಡಿ ಗಾಬರಿಯಾಗುವ ಮೊದಲು ಟೀಚರನ್ನು ಕೇಳುವುದು ಒಳ್ಳೆಯದು.

ಎರಡು ಬೇರೆ ಬೇರೆ ಉತ್ತರಗಳೂ ಕರೆಕ್ಟ್ ಆಗಿರಬಹುದಾ?

ಇರಬಹುದು. ಬಣ್ಣ ಅನ್ನುವ ಇಂಗ್ಲಿಷ್ ಪದವನ್ನು ಬ್ರಿಟನ್ನಿನಲ್ಲಿ ‘ಯು’ ಅಕ್ಷರ ಸೇರಿಸಿ ಬರೆಯುತ್ತಾರೆ, ಅಮೆರಿಕದಲ್ಲಿ ಬಿಟ್ಟು ಬರೆಯುತ್ತಾರೆ. ಎರಡೂ ಸರಿ. ಒಂದೇ ಬರಹದಲ್ಲಿ ಬೆರೆಸಬೇಡಿ, ಅಷ್ಟೆ. ‘ಬ್ಯಾಂಗಲೋರ್’ ಅನ್ನುವ ಇಂಗ್ಲಿಷ್ ಸ್ಪೆಲ್ಲಿಂಗ್ ಬಹಳ ಕಾಲ ಅಧಿಕೃತವಾಗಿತ್ತು. 2014ರ ನವೆಂಬರ್ 1ರಿಂದ ‘ಬೆಂಗಳೂರು’ ಅಧಿಕೃತವಾಯಿತು. ನಾವು ಕರೆಯುವ ಹೆಸರಿನ ಪಕ್ಕ ಇಟ್ಟರೆ ಎರಡನೆಯದೇ ನೇರ.

ಗಡಿಯಾರವನ್ನೇ ತಗೊಳ್ಳಿ. ‘ಕರೆಕ್ಟ್ ಟೈಮ್ ಎಷ್ಟು?’ ಅಂದರೆ ಎಲ್ಲರೂ ಭಾರತೀಯ ಕಾಲಮಾನ ಹೇಳುತ್ತೇವೆ. ಅದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕ. ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಸರಾಸರಿ ಹನ್ನೆರಡೂ ಇಪ್ಪತ್ತರ ಹೊತ್ತಿಗೆ. ಮಂಗಳೂರಿನಲ್ಲಿ ಹನ್ನೆರಡೂವರೆ. ಅಂಗಳದ ಕಂಬದ ನೆರಳು ನೋಡಿ ಹೊತ್ತು ಹೇಳುತ್ತಿದ್ದ ಹಳೆಯ ಕಾಲದವರೂ ಕರೆಕ್ಟ್, ಮೊಬೈಲ್ ನೋಡುವ ನಾವೂ ಕರೆಕ್ಟ್. ಪಕ್ಕದಲ್ಲಿಟ್ಟ ಅಳತೆ ಬೇರೆ. ಆದರೆ ರೈಲು ಹಿಡಿಯಬೇಕಾದರೆ ಮೊಬೈಲನ್ನೇ ನಂಬಿ!

ಬೇರೆಯವರ ತಪ್ಪನ್ನು ಇಂಗ್ಲಿಷಿನಲ್ಲಿ ನಯವಾಗಿ ತಿದ್ದುವುದು ಹೇಗೆ?

ಮುಖಕ್ಕೆ ಹೊಡೆದಂತೆ ‘ದಟ್ಸ್ ನಾಟ್ ಕರೆಕ್ಟ್’ ಅನ್ನುವ ಬದಲು ‘ಐ ಥಿಂಕ್ ಇಟ್ಸ್ ಫ್ರೈಡೇ, ಶಲ್ ವಿ ಚೆಕ್?’ ಅನ್ನಿ. ನಿಮಗೇ ಅನುಮಾನ ಇದ್ದರೆ ‘ಕರೆಕ್ಟ್ ಮಿ ಇಫ್ ಐ ಆಮ್ ರಾಂಗ್’ ಅಂತ ಶುರು ಮಾಡಿ. ಬೇರೆಯವರು ನಿಮ್ಮನ್ನು ತಿದ್ದಿದರೆ ‘ಐ ಸ್ಟ್ಯಾಂಡ್ ಕರೆಕ್ಟೆಡ್’ ಅನ್ನಬಹುದು. ನನ್ನ ತಪ್ಪು ಗೊತ್ತಾಯಿತು, ಒಪ್ಪಿದೆ ಎಂದು ಅರ್ಥ. ಸ್ವಲ್ಪ ಗಂಭೀರವಾದ ಮಾತು, ಮೀಟಿಂಗಿಗೆ ಚೆನ್ನ. ಗೆಳೆಯರ ನಡುವೆ ‘ಓ, ಯು ಆರ್ ರೈಟ್’ ಸಾಕು.

ತಿದ್ದಿದ್ದೇ ತಪ್ಪಾದರೆ?

ಆಗುತ್ತದೆ. ಒಬ್ಬ ಕವಿ ಬೇಕೆಂದೇ ಆಡುಮಾತಿನಲ್ಲಿ ‘ಯಾಳೆ’ ಅಂತ ಬರೆದಿರುತ್ತಾರೆ, ಅವಸರದಲ್ಲಿ ನಾನು ‘ವೇಳೆ’ ಎಂದು ತಿದ್ದಿರುತ್ತೇನೆ. ಎರಡನೇ ಸಲ ಓದುವಾಗ ಸಾಲು ಬಿಗಿದುಕೊಂಡ ಹಾಗೆ ಅನಿಸುತ್ತದೆ. ಇದಕ್ಕೆ ಪ್ರೂಫಿನವರ ಬಳಿ ಒಂದು ಗುರುತಿದೆ. ಹೊಡೆದುಹಾಕಿದ ಪದದ ಕೆಳಗೆ ಚುಕ್ಕಿಗಳ ಸಾಲು ಇಡುತ್ತೇವೆ. ಪಕ್ಕದ ಅಂಚಿನಲ್ಲಿ ‘ಸ್ಟೆಟ್’ ಎಂದು ಬರೆಯುತ್ತೇವೆ. ಅದೂ ಲ್ಯಾಟಿನ್ ಪದವೇ. ‘ಇದ್ದ ಹಾಗೇ ಇರಲಿ’ ಎಂದು ಅರ್ಥ. ಕವಿಯ ‘ಯಾಳೆ’ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ.